ಒಂದು ಶಾಲು, ಹತ್ತಾರು ಕತ್ತು

ಶಾಲು ಕಂಡೊಡನೆ ಕತ್ತು ಬಗ್ಗಿಸಿದ್ದು ನನ್ನದೇ ದಡ್ಡತನ. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಆ ಉಚಿತ ಆ್ಯಪನ್ನು ಊರೂರಿನ ಹತ್ತಾರು ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದರು. ಕೆ.ಆರ್. ನಗರದಲ್ಲಿ ಸನ್ಮಾನ ಮಾಡಲು ಹುಡುಕಿದವರ ಕೈಗೆ ಸಿಕ್ಕಿದ್ದು ನಾನೊಬ್ಬನೇ. ವೇದಿಕೆಯ ಮೇಲೆ ಆ್ಯಪಿನ ಮೂಗುದನಿಯನ್ನೇ ಅಣಕಿಸಿ, "ನಾನೇ ಮಾಡಿದ್ದು ಕಣ್ರಪ್ಪಾ" ಎಂದೆ. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಲ್ಲೇ ಪುಟ್ಟಮ್ಮಕ್ಕ ಕೂತಿದ್ದರು. ಕಣ್ಣು ಕಾಣದ ಅವರು ದಿನಾ ಪತ್ರಿಕೆ ಕೇಳುವುದು ಅದರಲ್ಲೇ. ಅದು ತಪ್ಪು ಓದಿದಾಗಲೆಲ್ಲ ಕಟ್ಟಿದವರಿಗೆ ಹೇಳಿ ತಿದ್ದಿಸಿದವರೂ ಅವರೇ.

"ಅದ್ರಲ್ಲಿ ನೀನ್ ಮಾಡಿದ್ದೇನ್ಲಾ?" ಎಂದು ಕೇಳಿಯೇಬಿಟ್ಟರು.

ಅವರ ಮುಂದೆ ಸುಳ್ಳು ಹೊರಡಲಿಲ್ಲ. "ಬಟನ್ನಿಗೆ ಹಸಿರು ಬಣ್ಣ ಹಾಕ್ದೆ ಕಣಕ್ಕ."

"ಅಂಗಾ? ಅದೊಂದ್ನ ಬುಟ್ಟು ಮಿಕ್ಕಿದ್ದೆಲ್ಲ ನಂಗೆ ಉಪ್ಯೋಗಕ್ಕೆ ಬತ್ತದೆ ಬುಡು."