ಬಿಚ್ಚದೆ ಬಿಟ್ಟ ವೈರು

ಹೋದ ವರ್ಷದ ಡೈರಿಯಲ್ಲಿ ಒಂದು ವಾರದ ಪುಟಗಳಷ್ಟೇ ಬೆವರಿಗೆ ಉಬ್ಬಿಕೊಂಡಿವೆ. ರಾಯಚೂರಿನ ಸಣ್ಣ ಆರ್ಕೆಸ್ಟ್ರಾವೊಂದರಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದೆ. ಕ್ಯಾಸೆಟ್‌ನಲ್ಲಿ ಕೇಳುವ ಹಾಗೆ ಗಿಟಾರು ಗುಂಯ್‌ಗುಟ್ಟಬೇಕು ಎಂದು ನಮ್ಮ ಮಾಸ್ತರರು ಹೈದರಾಬಾದಿನಿಂದ ಒಂದು ಎಫೆಕ್ಟ್ ಪೆಟ್ಟಿಗೆ ತಂದರು. ಕಾಲಿನಿಂದ ಒತ್ತುವ, ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆ. ಒಳಗೆ ಒಂದು ಚೌಕ ಸೆಲ್ಲು. ಬಲಗಡೆಯ ತೂತಿಗೆ ಗಿಟಾರಿನ ವೈರು, ಎಡಗಡೆಯದರಿಂದ ಆಂಪ್ಲಿಫೈಯರಿಗೆ. ಇಷ್ಟೇ.

ಇಷ್ಟನ್ನೇ ಮಂಗಳವಾರ ದೇವದುರ್ಗದ ಕಾರ್ಯಕ್ರಮದಲ್ಲಿ ತಪ್ಪಾಗಿ ಜೋಡಿಸಿದೆ. ಓದುವುದು ಬರೆಯುವುದು ಎಲ್ಲ ಎಡದಿಂದಲೇ ಅಲ್ಲವೇ, ಗಾಬರಿಯಲ್ಲಿ ಕೈ ಗಿಟಾರಿನ ವೈರನ್ನು ಎಡಕ್ಕೇ ಒಯ್ದು ಚುಚ್ಚಿತು. ಒಂದು ಇಡೀ ಹಾಡಿಗೆ ನನ್ನ ಬೆರಳುಗಳು ಆಡಿದವು, ಸದ್ದು ಬರಲಿಲ್ಲ. ಮುಂದಿನ ಸಾಲಿನ ಒಬ್ಬ ಹೆಣ್ಣುಮಗಳು ಸೆರಗು ಬಾಯಿಗಿಟ್ಟು ನಕ್ಕಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾಸ್ತರರು ಬೈಯಲಿಲ್ಲ. "ಶುಕ್ರವಾರ ಮಾನ್ವ್ಯಾಗೂ ಹಿಂಗಾತಂದ್ರ ಗಿಟಾರಿಗೆ ಹೈದರಾಬಾದಿನ ಹುಡುಗನ್ನ ಕರಸ್ತೀನಿ ನೋಡಪಾ," ಎಂದಷ್ಟೇ ಹೇಳಿದರು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಅಪ್ಪ, ನನ್ನ ಮಗ ಸ್ಟೇಜಿನ ಮೇಲೆ ಕೂಡುತ್ತಾನೆ ಎಂದು ಇಡೀ ಓಣಿಗೆ ಹೇಳಿಕೊಂಡು ಬಂದಿದ್ದರು.

ಬುಧವಾರ ಹೊಸ ಸೆಲ್ಲು ಹಾಕಿ ಜೋಡಿಸಿದೆ. ಹನ್ನೊಂದು ಸಲ ಮೀಟಿದೆ, ಹನ್ನೊಂದು ಸಲವೂ ಸದ್ದು ಬಂತು. ಬಲಕ್ಕೆ ಗಿಟಾರು, ಎಡಕ್ಕೆ ಆಂಪ್ಲಿಫೈಯರು, ಸೆಲ್ಲು ಹೊಸದು ಎಂದು ಡೈರಿಯಲ್ಲಿ ಬರೆದು, ಕೆಳಗೆ ಹನ್ನೊಂದು ಗೀಟು ಎಳೆದೆ. ಆಮೇಲೆ ಹೊಳೆಯಿತು: ಬಿಚ್ಚಿದರೆ ತಾನೆ ಮತ್ತೆ ತಪ್ಪುವುದು? ವೈರುಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಹಾಗೇ ಪೆಟ್ಟಿಗೆಯನ್ನು ಅವ್ವನ ಕೌದಿಯಲ್ಲಿ ಸುತ್ತಿಟ್ಟೆ. ಮಾನ್ವಿಯ ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡೆ. ದಾರಿಯಲ್ಲಿ ನಾಲ್ಕು ಸಲ ಕೌದಿಯೊಳಗೆ ಕೈ ಹಾಕಿ ಮುಟ್ಟಿ ನೋಡಿದೆ.

ಮಾನ್ವಿಯಲ್ಲಿ ಹೊಸ ಅಕ್ಕಿ ಗಿರಣಿಯ ಪ್ರಾರಂಭ. ಮಾಲೀಕರು ಶಿವಭಕ್ತರು, ಮೊದಲು ವಚನ, ಆಮೇಲೆ ಸಿನಿಮಾ ಹಾಡು ಎಂದು ಮೊದಲೇ ಹೇಳಿದ್ದರು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ವೈರುಗಳ ಇನ್ನೊಂದು ತುದಿಗಳನ್ನು ಗಿಟಾರಿಗೂ ಆಂಪ್ಲಿಫೈಯರಿಗೂ ಚುಚ್ಚಿ ತಂತಿ ಮೀಟಿದೆ. ಒಡಕು ಸದ್ದು ಎರಡು ಸಲ, ಆಮೇಲೆ ಅದೂ ಇಲ್ಲ.

ಡೈರಿ ತೆಗೆದೆ. ಬಲ, ಎಡ ಸರಿ ಇತ್ತು. ವೈರು ಬದಲಿಸಿದೆ. ಗಿಟಾರಿನ ಗುಂಡಿ ತಿರುಗಿಸಿದೆ. ಸೆಲ್ಲು ನೋಡಲೇ ಇಲ್ಲ, ಬುಧವಾರ ಹೊಸದು ಎಂದು ನಾನೇ ಬರೆದಿದ್ದೆನಲ್ಲ. ಇಪ್ಪತ್ತು ನಿಮಿಷ ಹೋಯಿತು. ಮಾಸ್ತರರು ದೂರ ನಿಂತು ಕೈಗಡಿಯಾರ ನೋಡುತ್ತಿದ್ದರು.

ಮೈಕ್‌ಸೆಟ್ಟಿನ ಮುದುಕ ಬಂದು ಕುಕ್ಕರಗಾಲಲ್ಲಿ ಕುಳಿತ. ಪೆಟ್ಟಿಗೆ ಬಿಚ್ಚಿ ಸೆಲ್ಲು ತೆಗೆದು ನಾಲಿಗೆ ತುದಿಗೆ ಹಚ್ಚಿದ.

"ಚುರ್ ಅನವಲ್ದು. ಸತ್ತದ ಇದು."

"ಎಲ್ಡ ದಿನದ್ದು ಅದರೀ. ಬರದೀನಿ ನೋಡ್ರಿ."

"ಸೆಲ್ಲಿಗೆ ನಿನ್ನ ಡೈರಿ ಓದಾಕ ಬರ್ತದೇನಲೇ?"

ಗಿಟಾರಿನ ವೈರು ತೂತಿನಲ್ಲಿ ಇರುವಷ್ಟು ಹೊತ್ತೂ ಪೆಟ್ಟಿಗೆ ಚಾಲೂ ಇರುತ್ತದೆ, ಬುಧವಾರದಿಂದ ಅದು ಸೆಲ್ಲು ಕುಡಿಯುತ್ತಲೇ ಇತ್ತು ಎಂದು ಅವನು ತಿಳಿಸಿ ಹೇಳಿದ. ನನ್ನ ಎಚ್ಚರಿಕೆಯೇ ಅದನ್ನು ಕೊಂದಿತ್ತು. ಅಂಥ ಸೆಲ್ಲು ಮಾನ್ವಿಯ ಎರಡು ಅಂಗಡಿಗಳಲ್ಲಿ ಸಿಗಲಿಲ್ಲ.

ಗಿಟಾರನ್ನು ಸೀದಾ ಆಂಪ್ಲಿಫೈಯರಿಗೆ ಹಚ್ಚಿ ವಚನಕ್ಕೆ ಸಾದಾ ಬಾರಿಸಿದೆ. ಮಾಲೀಕರು ಕಣ್ಣು ಮುಚ್ಚಿ ಕೇಳಿದರು. ಸಿನಿಮಾ ಹಾಡುಗಳು ಬಂದಾಗ ಗಿಟಾರು ಬಡವಾಗಿ ಕೇಳಿಸಿತು. ಹಿಂದೆ ಕುಳಿತ ಹುಡುಗರು ಎದ್ದು ಹೋಗತೊಡಗಿದರು. ಹಾಗೆ ಹೋದವರು ಎಷ್ಟು ಜನ ಎಂದು ಅವತ್ತು ಎಣಿಸಲಿಲ್ಲ.

ನಡೆದದ್ದನ್ನು ಮಾಸ್ತರರಿಗೆ ನಾನೇ ಹೇಳಿದೆ. ಅವರು ಪೆಟ್ಟಿಗೆಯನ್ನು ಎತ್ತಿ ಒಮ್ಮೆ ತಿರುಗಿಸಿ ನೋಡಿದರು.

"ವಚನಕ್ಕ ನೀ ಕೂಡು. ಸಿನಿಮಾ ಹಾಡಿಗೆ ಹೈದರಾಬಾದಿನ ಹುಡುಗ ಬರ್ತಾನ."

ಮುಂದಿನ ಸೋಮವಾರ ಹೈದರಾಬಾದಿನ ಹುಡುಗ ಬಂದ. ಪೆಟ್ಟಿಗೆ ಅವನ ಕೈಗೆ ಕೊಟ್ಟು, ಬಾರಿಸಿದ ಮೇಲೆ ವೈರು ಕಿತ್ತಿಡಬೇಕು ಎಂದೆ. "ಗೊತ್ತದ," ಎಂದು ನನ್ನ ಕಡೆ ನೋಡದೆಯೇ ಬಲಗಡೆ ವೈರು ಚುಚ್ಚಿದ.