ನಮ್ಮ ಡಬ್ಬಿಯಲ್ಲಿ ಬೂಬಮ್ಮನ ಅಡುಗೆ

ಹೋದ ಭಾನುವಾರ ಮೊಮ್ಮಗಳು ಕಾವಲಿಯ ಮೇಲೆ ಏನೋ ಹಾಕಿದಳು. ಬೆಲ್ಲ, ಬೆಳ್ಳುಳ್ಳಿ, ಸೋಯಾ ಸಾಸು, ಹುರಿದ ಎಳ್ಳು, ಇವೆಲ್ಲ ಸೇರಿ ಕಾದ ಕಬ್ಬಿಣಕ್ಕೆ ಹತ್ತಿಕೊಂಡಾಗ ಏಳುವ ವಾಸನೆ. ನಾನು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಕೈ ನಿಂತಿತು. ಆ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಹಳೆಯದು ನೆನಪಾದರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಸಿಟ್ಟು ಬಂತು.

"ಏನಮ್ಮಿ ಅದು?" ಅಂದೆ.

"ಕೊರಿಯಾ ಅಡ್ಗೆ ಅಜ್ಜಿ, ಬುಲ್ಗೋಗಿ ಅಂತ. ನಿಂಗೆ ಗೊತ್ತಾಗಲ್ಲ ಬುಡು."

ನನಗೆ ಗೊತ್ತಾಗುವುದಿಲ್ಲವಂತೆ. ಅವಳು ಹುಟ್ಟುವುದಕ್ಕೆ ಮುಂಚೆ ನಾನು ಅದನ್ನು ವಾರವಾರ ತಿಂದವಳು. ಅವಳು ಫೋನಿನಲ್ಲಿ ನೋಡಿ ಕಲಿತು, ಕುರಿ ಮಾಂಸ ತಂದು, ಹೆಬ್ಬೆರಳು ಗಾತ್ರದ ತುಂಡು ಮಾಡಿ ಬೇಯಿಸುತ್ತಿದ್ದಳು. ಅದು ದನದ ಮಾಂಸದ ಅಡುಗೆ. ವೀಳ್ಯದೆಲೆಯಷ್ಟು ತೆಳ್ಳಗೆ ಕೊಯ್ಯಬೇಕು. ಇದನ್ನೆಲ್ಲ ನನಗೆ ತೋರಿಸಿದವಳು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನಮ್ಮ ಮನೆಯ ಹಿಂಭಾಗಕ್ಕೆ ಬಾಡಿಗೆಗೆ ಬಂದಿದ್ದ ಬೂಬಮ್ಮ. ನಮ್ಮ ಕಡೆ ಸಾಬರ ಹೆಂಗಸರನ್ನು ಕರೆಯುವುದೇ ಹಾಗೆ, ಅವಳ ಹೆಸರು ಬೇರೆ ಇತ್ತು. ನಾವು ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ತೊಂಬತ್ತರ ಈಚಿನ ಮಾತು. ನಮ್ಮ ಯಜಮಾನರಿಗೆ ಬೆಳಗೊಳದಲ್ಲಿ ನಾಲೆ ನೀರಿನ ಜಮೀನು, ಗಂಜಾಮಿನಲ್ಲಿ ಹಿರಿಯರ ಮನೆ. ಹಿತ್ತಲ ಕಡೆಯ ಎರಡು ಕೋಣೆ ಬೂಬಮ್ಮ, ಅವಳ ಗಂಡ, ಒಬ್ಬ ಪುಟ್ಟ ಮಗಳು, ಇವರ ಸಂಸಾರಕ್ಕೆ. ಅವಳ ಗಂಡ ಸಾಬರು ಏಳೆಂಟು ವರ್ಷ ಸೌದಿಯಲ್ಲಿದ್ದವರು. ಅಲ್ಲಿ ರಸ್ತೆ ಮಾಡಲು ಬಂದಿದ್ದ ಕೊರಿಯಾದವರ ಅಡುಗೆಮನೆಯಲ್ಲಿ ಕೆಲಸ. ಅಕ್ಕಿ ಮೂಟೆ ಹೊತ್ತು ಬೆನ್ನು ಹೋಗಿ, ಊರಿಗೆ ಬಂದು ಮಂಚ ಹಿಡಿದರು. ದುಡಿಮೆಯೆಲ್ಲ ಅವಳದೇ. ನಾಲ್ಕು ತಾಲೂಕಿನಲ್ಲಿ ಅವಳ ಕೈ ಬಿರಿಯಾನಿಗೆ ಹೆಸರಿತ್ತು. ಅವರ ಜನರ ಮದುವೆಗಿರಲಿ, ನಮ್ಮ ಒಕ್ಕಲಿಗರ ಬೀಗರೂಟಕ್ಕೂ ಅವಳನ್ನೇ ಕರೆಯುತ್ತಿದ್ದರು. ಪಾಂಡವಪುರ, ಕೆ.ಆರ್. ಪೇಟೆ, ಎಲ್ಲಿ ಕುರಿ ಕಡಿದರೂ ಬಿರಿಯಾನಿ ಬೇಯಿಸುವ ದೇಗದ ಮುಂದೆ ನಿಲ್ಲುವವಳು ಅವಳೇ.

ಕೆಲಸವಿಲ್ಲದ ಭಾನುವಾರ ಮನೆಮಟ್ಟಿಗೆ ಕೊರಿಯಾ ಅಡುಗೆ. ಸಾಬರು ಮಂಚದ ಮೇಲೆ ಮಲಗಿಕೊಂಡೇ ಹೇಳುತ್ತಿದ್ದರು, ಅವಳು ಮಾಡುತ್ತಿದ್ದಳು. ಅವರ ಮನೆಯಲ್ಲಿ ಫ್ರಿಜ್ಜು ಎಲ್ಲಿ ಬರಬೇಕು. ಐಸ್ ಕ್ಯಾಂಡಿಯವರ ಹತ್ತಿರ ಒಂದು ಗಡ್ಡೆ ಐಸು ತಂದು, ಪುಡಿ ಮಾಡಿ, ಕಲ್ಲುಪ್ಪು ಎರಚಿ, ಮಾಂಸವನ್ನು ಕವರಿನಲ್ಲಿ ಸುತ್ತಿ ಅದರೊಳಗೆ ಹೂಳುತ್ತಿದ್ದಳು. ಗಟ್ಟಿಯಾದ ಮೇಲೆ ತೆಗೆದು ಕೊಯ್ದರೆ ಹಾಳೆ ಹಾಳೆಯಾಗಿ ಬರುತ್ತಿತ್ತು. ಅದಕ್ಕೆ ಸೋಯಾ ಸಾಸು, ನಮ್ಮ ಕಡೆಯ ಆಲೆಮನೆ ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಎಳ್ಳೆಣ್ಣೆ. ಕೊರಿಯಾದವರು ಅದೇನೋ ಹಣ್ಣು ಅರೆದು ಹಾಕುತ್ತಾರಂತೆ. ಇವಳು ಹಿತ್ತಲಿನ ಪರಂಗಿಕಾಯಿ ತುರಿದು ಹಾಕುತ್ತಿದ್ದಳು. ಒಂದು ಗಂಟೆ ನೆನೆಸಿ ಕಾದ ಕಾವಲಿಗೆ ಹಾಕಿ ಎರಡು ಸಲ ತಿರುವಿದರೆ ಆಯಿತು.

"ಮೆಣಸಿನಕಾಯಿ ಎಲ್ಲಿ, ಮಸಾಲೆ ಎಲ್ಲಿ, ಇದೂ ಒಂದು ಬಾಡೂಟನಾ?" ಅಂತ ನಾನು ಮೊದಲ ದಿನ ನಕ್ಕಿದ್ದೆ.

"ಬಾಯಿಗೆ ಹಾಕಿ ಆಮೇಲೆ ಬಯ್ಯಿ ಅಕ್ಕ," ಅಂದಳು.

ಹಾಕಿಕೊಂಡೆ. ದನದ್ದು ಅಂತ ಗೊತ್ತಿತ್ತು. ಗೊತ್ತಿದ್ದೇ ತಿಂದೆ. ಕಾಯಿಲೆಯಿತ್ತು, ಡಾಕ್ಟರು ಹೇಳಿದ್ದರು, ಅಂತೆಲ್ಲ ನೆಪ ಹೇಳುವುದಿಲ್ಲ. ರುಚಿಯಾಗಿತ್ತು, ತಿಂದೆ. ಮುಂದಿನ ವಾರ ನಾನಾಗಿಯೇ ಹೋಗಿ ಒಲೆ ಮುಂದೆ ಕೂತೆ. ಅವಳು ಎಲೆಕೋಸಿನ ಎಲೆಯೊಳಗೆ ಅನ್ನ, ಮಾಂಸ ಇಟ್ಟು ಮಡಿಚಿ ಕೊಡುತ್ತಿದ್ದಳು. ಮಂಚದ ಮೇಲಿಂದ ಸಾಬರು, "ಒಂದೇ ಸಲ ಬಾಯಿಗೆ ಹಾಕ್ಬೇಕು ಅಕ್ಕ, ಕಚ್ಚಂಗಿಲ್ಲ, ಕೊರಿಯಾದೋರು ನೋಡಿದ್ರೆ ನಗ್ತಾರೆ," ಅನ್ನುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ತಿಂದು, ಕೈ ತೊಳೆದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಹಿತ್ತಲು ದಾಟಿ ನಮ್ಮ ಮನೆಗೆ ಬರುತ್ತಿದ್ದೆ...

ಈಗ ನಾನು ಮಾಡಿದ ತಪ್ಪು. ಒಂದು ಭಾನುವಾರ ಯಜಮಾನರು ಕೆ.ಆರ್. ಪೇಟೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಬರುವುದು ಮಾರನೆಯ ದಿನ ಅಂತ ಹೇಳಿದ್ದರು. ನನಗೆ ರಾತ್ರಿಗೂ ಸ್ವಲ್ಪ ಇರಲಿ ಅಂತ ಆಸೆಯಾಯಿತು. ಬೂಬಮ್ಮ ತನ್ನ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿ ಕೊಡಲು ಬಂದಳು.

"ಬ್ಯಾಡ ಕಣಮ್ಮಿ, ನಮ್ಮನೆ ಡಬ್ಬೀನೇ ತತ್ತೀನಿ," ಅಂದೆ.

ಅವಳು ನನ್ನ ಮುಖ ನೋಡಿ ಪಾತ್ರೆಯನ್ನು ಕೆಳಗಿಟ್ಟಳು. ಅವಳಿಗೆ ಅರ್ಥವಾಗಿತ್ತು. ಅವಳ ಮನೆಯ ದನದ ಮಾಂಸ ನನ್ನ ಹೊಟ್ಟೆಯೊಳಗೆ ಹೋಗಬಹುದು, ಅವಳ ಮನೆಯ ಪಾತ್ರೆ ಮಾತ್ರ ನನ್ನ ಒಲೆಯ ಪಕ್ಕ ಕೂರಬಾರದು. ನಮ್ಮತ್ತೆ ಕಲಿಸಿದ್ದು ಅದು. ಅತ್ತೆ ಸತ್ತು ವರ್ಷಗಳಾಗಿದ್ದರೂ ನನ್ನ ಕೈ ಆ ಪಾಠ ಬಿಟ್ಟಿರಲಿಲ್ಲ. ಹೋಗಿ ಸ್ಟೀಲ್ ಡಬ್ಬಿ ತಂದೆ. ನನ್ನಪ್ಪ ಮದುವೆಗೆ ಕೊಟ್ಟಿದ್ದು. ದುಡ್ಡು ನನ್ನಪ್ಪನದು, ಮುಚ್ಚಳದ ಮೇಲೆ ಕೊರೆಸಿದ್ದ ಹೆಸರು ಗಂಡನದು. ಅವಳ ಪಾತ್ರೆಯಲ್ಲೇ ತಂದಿದ್ದರೆ ನಮ್ಮ ಯಜಮಾನರು ಅದನ್ನು ಬೆರಳಲ್ಲೂ ಮುಟ್ಟುತ್ತಿರಲಿಲ್ಲ.

ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಬಟ್ಟೆ ಒಗೆಯಲು ಹೊಳೆಗೆ ಹೋದೆ. ಬರುವಷ್ಟರಲ್ಲಿ ಯಜಮಾನರು ನಡುಮನೆಯಲ್ಲಿ ಕೂತು ಉಣ್ಣುತ್ತಿದ್ದರು. ತಂಗಿಯ ಮನೆಯಲ್ಲಿ ಯಾರೋ ಮೊದಲ ಪಂಕ್ತಿಗೆ ಕರೆಯಲಿಲ್ಲವಂತೆ, ಸಿಟ್ಟು ಮಾಡಿಕೊಂಡು ಉಣ್ಣದೆ ಬಸ್ಸು ಹತ್ತಿ ಬಂದಿದ್ದರು. ಮುಂದೆ ಬೆಳಗ್ಗೆಯ ಮುದ್ದೆ, ಪಕ್ಕದಲ್ಲಿ ಆ ಡಬ್ಬಿ.

"ಎಲ್ಲಿದಮ್ಮಿ ಈ ಬಾಡು? ಬಾಯ್ಗಿಟ್ರೆ ಕರಗೋಯ್ತದೆ."

ಒದ್ದೆ ಬಟ್ಟೆಯ ಬುಟ್ಟಿ ಕೆಳಗಿಟ್ಟೆ. "ಇಂದ್ಗಡೆ ಮನೆಯೋರು ಕೊಟ್ರು," ಅಂದೆ, ಅಷ್ಟೇ.

ಡಬ್ಬಿಯ ತಳವನ್ನು ಬೆರಳಲ್ಲಿ ಬಳಿದು ನೆಕ್ಕಿದರು. ಅಲ್ಲಿಗೆ ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲ. ಡಬ್ಬಿ ಹಿಡಿದುಕೊಂಡು ಹಿತ್ತಲಿಗೆ ಹೋದರು, ನಾನೂ ಹಿಂದೆಯೇ ಹೋದೆ.

"ಸಾಬ್ರೆ, ಎಲ್ಲಿ ಮರೀನಯ್ಯ ಇದು? ಬೀಗ್ರೂಟ್ದಲ್ಲೂ ಇಂಥದ್ದು ಉಂಡಿಲ್ಲ ಕಣಯ್ಯ."

ಸಾಬರಿಗೆ ಮೋಸ ಗೊತ್ತಿಲ್ಲ. ತಾನು ಕಲಿತು ಬಂದ ಅಡುಗೆಯನ್ನು ಒಬ್ಬರು ಹೊಗಳಿದರೆಂದು ಹಿಗ್ಗಿ, ಮಂಚದಿಂದಲೇ ಹೇಳಿದರು. "ಮರಿ ಎಲ್ಲಿ ಅಣ್ಣ, ದೊಡ್ಡದು ಅದು, ದನದ್ದು. ಸೌದಿನಲ್ಲಿ ಕೊರಿಯಾದೋರು ಮಾಡೋದು. ನಮ್ಮ ಅಕ್ಕನಿಗಂತೂ..."

ಒಳಗಿನಿಂದ ಬೂಬಮ್ಮ ಓಡಿ ಬಂದಳು. ಗಂಡನ ಮಾತು ಮುಗಿಯಲು ಬಿಡಲಿಲ್ಲ.

"ಅಕ್ಕನಿಗೆ ಏನೂ ಗೊತ್ತಿಲ್ಲ ಅಣ್ಣ. ಮಜ್ಜಿಗೆ ಇಸ್ಕೊಂಡ್ಬಂದಿದ್ದ ಡಬ್ಬಿ. ಬರೀ ಡಬ್ಬಿ ವಾಪಸ್ ಕೊಡಬಾರದು ಅಂತ ಇದ್ನ ಹಾಕ್ಬುಟ್ಟೆ. ಕುರಿ ಅಂತ ಸುಳ್ಳು ಹೇಳಿ ಕೊಟ್ಟೋಳು ನಾನೇ."

ಯಜಮಾನರು ನನ್ನ ಕಡೆ ತಿರುಗಿದರು. "ನಿಂಗೊತ್ತಿತ್ತೇನಮ್ಮಿ?"

ಇದ್ದದ್ದು ಇದ್ದ ಹಾಗೆ ಹೇಳುವವಳು ಅಂತ ಊರಲ್ಲೆಲ್ಲ ನನಗೆ ಹೆಸರು. ಅವತ್ತು ನಾನು ತಲೆಯಾಡಿಸಿದೆ. ಗೊತ್ತಿರಲಿಲ್ಲ ಅಂತ.

ಆಮೇಲೆ ಆದದ್ದನ್ನು ಹೇಗೆ ಬರೆಯಲಿ. ಯಜಮಾನರು ತೆಂಗಿನ ಬುಡದಲ್ಲಿ ಗಂಟಲಿಗೆ ಬೆರಳು ಹಾಕಿ ಕಕ್ಕಿದರು, ತಲೆಗೆ ನೀರು ಸುರಿದುಕೊಂಡರು, ಬೀದಿಗೆ ನಿಂತು ಕೂಗಾಡಿದರು. ಜಾತಿ ಕೆಡಿಸಿದಳು ಅಂದರು. ಆ ಹಿಂದಿನ ತಿಂಗಳಷ್ಟೇ ನಮ್ಮ ಮುದಿ ಎತ್ತನ್ನು ದನದ ದಲ್ಲಾಳಿಗೆ ಮಾರಿ, ಕೊರಳ ಹಗ್ಗ ಮಾತ್ರ ಬಿಚ್ಚಿಕೊಂಡು ಬಂದಿದ್ದರು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಏಳಿಗೆ ಹೋಗುತ್ತದಂತೆ. ಹನ್ನೆರಡು ವರ್ಷ ಉತ್ತ ಎತ್ತು ಎಲ್ಲಿಗೆ ಹೋಗುತ್ತದೆ ಅಂತ ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮಾತು ನನ್ನ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡೆ. ಆಡಿದ್ದರೆ ನನ್ನನ್ನೂ ತವರಿಗೆ ಅಟ್ಟುತ್ತಿದ್ದರು. ತವರಿನಲ್ಲಿ ಅಣ್ಣಂದಿರು ಬಾಗಿಲು ತೆಗೆಯುತ್ತಿರಲಿಲ್ಲ.

ಬೂಬಮ್ಮನಿಗೆ ಯಜಮಾನರು ವಾರದೊಳಗೆ ಮನೆ ಖಾಲಿ ಮಾಡು ಅಂದರು. ಅವಳ ಜನರ ಹಿರಿಯರು ಇಬ್ಬರು ಬಂದು ಅವರೂ ಅವಳನ್ನೇ ಬೈದರು. "ಇನ್ನೊಬ್ಬರಿಗೆ ಸುಳ್ಳು ಹೇಳಿ ತಿನ್ನಿಸೋದು ನಮ್ಮಲ್ಲೂ ಪಾಪಾನೇ ಕಣಮ್ಮ, ಯಾವ ಬುದ್ಧಿ ಬಂತು ನಿನಗೆ," ಅಂದರು. ಅವಳು ಸೆರಗು ತಲೆ ಮೇಲೆಳೆದುಕೊಂಡು ನಿಂತಿದ್ದಳು. ನಾನು ಕಿಟಕಿಯ ಹಿಂದೆ ನಿಂತಿದ್ದೆ.

ಸಾಮಾನು ಕಟ್ಟುವ ದಿನ ಯಜಮಾನರು ಜಮೀನಿಗೆ ಹೋದದ್ದು ನೋಡಿ ಹಿತ್ತಲಿಗೆ ಹೋದೆ.

"ಯಾಕಂಗಂದೆ? ನಾನು ಕೇಳಿದ್ನಾ ನಿನ್ನ?" ಅಂತ ಜಗಳಕ್ಕೇ ನಿಂತೆ.

"ನಿಮ್ಮನ್ನ ಆಚೆಗೆ ಹಾಕಿದ್ರೆ ಎಲ್ಲೋಗ್ತಿದ್ರಿ ಅಕ್ಕ? ನಮಗಾದ್ರೆ ಇದಲ್ಲ ಅಂದ್ರೆ ಇನ್ನೊಂದು ಬಾಡಿಗೆ ಮನೆ," ಅಂದಳು. ಕಾವಲಿಯನ್ನು ಗೋಣಿಚೀಲಕ್ಕೆ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ. "ಹೋಗಿ ಅಕ್ಕ, ಯಾರಾದ್ರೂ ನೋಡ್ತಾರೆ."

ಒಂದು ಮನೆ ಹೋಗುತ್ತದೆ ಅಂತ ಮಾತ್ರ ಅವಳು ಎಣಿಸಿದ್ದಳು. ನಾಗಮಂಗಲದಲ್ಲಿ ತಮ್ಮನ ಮನೆ ಸೇರಿದಳು. ಆದರೆ ಅವಳು ಹೋದಲ್ಲೆಲ್ಲ ಮಾತು ಅವಳಿಗಿಂತ ಮುಂಚೆ ಹೋಗಿತ್ತು. ಕುರಿ ಅಂತ ಹೇಳಿ ದನದ್ದು ತಿನ್ನಿಸಿದವಳು. ಬೇರೆ ಯಾವ ಕಸುಬಿನವಳಾಗಿದ್ದರೂ ಬದುಕಿಕೊಳ್ಳುತ್ತಿದ್ದಳೇನೋ. ದೇಗದ ಮುಂದೆ ನಿಲ್ಲುವವಳ ಮೇಲೆ ಇಂಥ ಮಾತು ಬಂದರೆ ಮುಗಿಯಿತು. ಮಾರನೆಯ ವರ್ಷ ಪಾಂಡವಪುರದಲ್ಲಿ ಒಂದು ಬೀಗರೂಟಕ್ಕೆ ಹೋಗಿದ್ದೆ. ಬಿರಿಯಾನಿ ಮುದ್ದೆಯಾಗಿತ್ತು. ಪಕ್ಕದೆಲೆಯವಳು, "ಮೊದ್ಲು ಒಬ್ಬ ಬೂಬಮ್ಮ ಬತ್ತಿದ್ಲು, ಏನ್ ಕೈ ಅಂತೀರಿ. ಈಗ ಯಾರವಳ್ನ ಕರೀತಾರೆ, ದೇಗ್ದೊಳಗೆ ಏನಾಕವಳೋ ಯಾರಿಗ್ಗೊತ್ತು," ಅಂದಳು. ಅವಳ ಎದುರಿಗಿದ್ದವಳು, "ಅಯ್ಯೋ, ಗಂಜಾಮ್‌ನಲ್ಲಿ ಪಾಪ ಯಾರ್ಗೋ ತಿನ್ಸೇ ಬುಟ್ಟಿದ್ಲಂತೆ," ಅಂದಳು. ಆ ಪಾಪದ ಮನೆಯವಳು ನಾನೇ. ತಲೆ ಬಗ್ಗಿಸಿಕೊಂಡು ಎಲೆ ಖಾಲಿ ಮಾಡಿ ಎದ್ದೆ.

ಹೆದರಿದ್ದೆ ಅಂತ ಒಂದು ದಿನಕ್ಕೆ ಹೇಳಬಹುದು. ಅದಾದ ಮೇಲೆ ಮೂವತ್ತು ವರ್ಷ ಸುಮ್ಮನಿದ್ದದ್ದಕ್ಕೆ ಏನು ಹೇಳಲಿ. ಅವಳ ಮೇಲೂ ಸಿಟ್ಟಿದೆ. ನನ್ನನ್ನು ಕೇಳದೆ ನನ್ನ ತಪ್ಪನ್ನು ಎತ್ತಿಕೊಳ್ಳಲು ಅವಳಿಗೆ ಯಾರು ಹೇಳಿದ್ದರು? ಅವಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾಲ್ಕು ಏಟು ತಿನ್ನುತ್ತಿದ್ದೆ, ನಾಲ್ಕು ದಿನ ಅಳುತ್ತಿದ್ದೆ. ಈಗ ಈ ಋಣ ಹೊತ್ತು ತಿರುಗಬೇಕಾಗಿರಲಿಲ್ಲ...

ಯಜಮಾನರು ತೀರಿಕೊಂಡ ಮೇಲೆ ಹುಡುಕಿಕೊಂಡು ಹೋದೆ. ನಾಗಮಂಗಲದಲ್ಲಿ ಕೇಳಿದರೆ ಬೆಳ್ಳೂರು ಕ್ರಾಸಿನಲ್ಲಿ ಮಗಳಿದ್ದಾಳೆ ಅಂದರು. ಮಗಳು ಬಟ್ಟೆ ಹೊಲಿಯುತ್ತಾ ಕೂತಿದ್ದಳು. ಮುಖ ತಾಯಿಯದೇ. ಅಪ್ಪ ಅಮ್ಮ ಇಬ್ಬರೂ ಹೋಗಿ ಮೂರು ವರ್ಷವಾಯಿತು ಅಂದಳು. ಕೊನೆಕೊನೆಗೆ ಅಮ್ಮ ಬೇರೆಯವರ ಮನೆ ಪಾತ್ರೆ ತಿಕ್ಕುತ್ತಿದ್ದಳಂತೆ. ಅಡುಗೆಗೆ ಮಾತ್ರ ಯಾರೂ ಸೇರಿಸಲಿಲ್ಲವಂತೆ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೆಷಿನ್ ತುಳಿಯುವುದು ನಿಲ್ಲಿಸಿದಳು.

"ಅಮ್ಮ ನಮ್ಗೂ ಹೇಳಿರ್ಲಿಲ್ಲ," ಅಂದಳು. "ಚಿಕ್ಕೋಳಿದ್ದಾಗ ನಾನೂ ಅಮ್ಮಂಗೆ ಅಂದಿದ್ದೀನಿ. ಯಾಕಮ್ಮ ಅಂಥ ಮೋಸ ಮಾಡ್ದೆ, ನಿನ್ನಿಂದ ನಾವು ಹಿಂಗಾದ್ವಿ ಅಂತ. ಆಗ್ಲೂ ಹೇಳ್ಲಿಲ್ಲ."

ನಾನು ಅವಳ ಕೈ ಹಿಡಿಯಲು ಹೋದೆ. ಎಳೆದುಕೊಂಡಳು.

"ನನ್ನತ್ರ ಹೇಳಿ ಏನಾಗ್ಬೇಕು ಅಜ್ಜಿ? ನಿಮ್ಮೋರ ಮುಂದೆ ಹೇಳಿ, ಹೋಗಿ." ಮತ್ತೆ ಮೆಷಿನ್ ತುಳಿಯತೊಡಗಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಸ್ಸು ಹತ್ತಿ ಬಂದೆ. ಬಂದು ಹೇಳಿದೆನೇ? ಇಲ್ಲ.

ಹೋದ ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ಸೊಸೆ ಸೌಟು ಹಿಡಿದುಕೊಂಡೇ ನಿಂತಳು. ಮಗ ಎಲೆ ಬಿಟ್ಟು ಎದ್ದ. "ಈಗ್ಯಾಕವ್ವ ಅದೆಲ್ಲ? ನೀನು ಗೊತ್ತಿದ್ದೇ ತಿಂದಿದ್ದೆ ಅಂತ ಊರ್ಗೆಲ್ಲ ಗೊತ್ತಾಗ್ಬೇಕಾ?" ಅಂದ. ಗೊತ್ತಾಗಬೇಕು ಅಂದೆ. ಬೂಬಮ್ಮನ ಮಾತು ಊರಿಗೆಲ್ಲ ಗೊತ್ತಾಗಿರಲಿಲ್ಲವೇ, ಹಾಗೇ ಇದೂ ಗೊತ್ತಾಗಲಿ. ಅವನು ಇವತ್ತಿಗೂ ನನ್ನ ಹತ್ತಿರ ಮಾತಾಡುತ್ತಿಲ್ಲ. ಬೇಡ.

ಗಂಜಾಮಿನ ಆ ಬೀದಿಯಲ್ಲಿ ಅವತ್ತು ನಿಂತು ನೋಡಿದವರು ಅರ್ಧ ಜನ ಸತ್ತರು, ಉಳಿದವರಿಗೆ ಕಿವಿ ಕೇಳುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದ ಶಾಲೆಯ ಅಕ್ಷರದಲ್ಲಿ ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ತಾಲೂಕಿನಲ್ಲಿ ಯಾರ ಮನೆಯ ಬೀಗರೂಟದಲ್ಲಾದರೂ ಆ ಬೂಬಮ್ಮನ ಮಾತು ಬಂದರೆ ಇದನ್ನು ಹೇಳಿ. ಅವಳು ಯಾರಿಗೂ ಸುಳ್ಳು ಹೇಳಿ ತಿನ್ನಿಸಲಿಲ್ಲ. ನಾನು ಕೇಳಿ ಇಸಿದುಕೊಂಡು, ಗೊತ್ತಿದ್ದೇ ತಿಂದೆ. ಗೊತ್ತಿಲ್ಲ ಅಂತ ತಲೆಯಾಡಿಸಿದವಳು ನಾನು.

ಅವಳು ಇದ್ದಾಗ ಹೇಳಬೇಕಾಗಿದ್ದ ಮಾತು. ಈಗ ಹೇಳಿದರೂ ಅವಳನ್ನು ಯಾರೂ ಅಡುಗೆಗೆ ಕರೆಯುವುದಿಲ್ಲ.