ಹೊಗೆಗೆ ದಾರಿ

ಎಪ್ಪತ್ತರ ದಶಕದ ನ್ಯೂಜೆರ್ಸಿಯಲ್ಲಿ ನಾವು ಕನ್ನಡದವರು ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಹುಬ್ಬಳ್ಳಿಯ ಕಾಲೇಜಿನಲ್ಲಿ ಎಂಜಿನ್ ಪಾಠ ಹೇಳಿದವರು, ಇಲ್ಲಿ ಆ ಡಿಗ್ರಿಗೆ ಬೆಲೆಯಿಲ್ಲವೆಂದು ಗ್ಯಾರೇಜೊಂದರಲ್ಲಿ ಆಯಿಲ್ ಬದಲಿಸುತ್ತಿದ್ದರು. ಮಾಲೀಕ ಅವರನ್ನು 'ಪ್ರೊಫೆಸರ್' ಎಂದು ಕರೆದು ನಗುತ್ತಿದ್ದ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನದು ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು. ಇನ್ನೂ ಜೋರಾಗಿ ಓಡಲೆಂದು ಮಾಲೀಕ ಅದಕ್ಕೆ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಭಾರಿ ಕಾರ್ಬುರೇಟರ್ ಕೂರಿಸಿದ. ಕಾರು ಕಪ್ಪು ಹೊಗೆ ಕಾರುತ್ತ ಸಿಗ್ನಲ್ ಸಿಗ್ನಲ್‌ಗೂ ಕೆಟ್ಟು ನಿಂತಿತು.

"ಒಲಿ ಉರೀಬೇಕಂದ್ರ ಮೊದಲ ಹೊಗಿಗೆ ದಾರಿ ಕೊಡಬೇಕ್ರಿ. ಇವ ಬರೇ ಕಟಗಿ ತುರುಕ್ಯಾನ" ಎಂದರು ಮಾಸ್ತರು. ಯಾವ ಎಂಜಿನ್ ಕಂಡರೂ ಅವರದು ಒಲೆಯ ಮಾತೇ. ಹೇಳುವಾಗ ಊರಿನ ಅಡಿಗೆಮನೆಯ ಮಾಳಿಗೆಯಲ್ಲಿ ಹೊಗೆ ಹೊರಬೀಳುವ ಬೆಳಕಿಂಡಿಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು.

ತಮ್ಮ ರಜೆಯ ಶನಿವಾರ, ನನ್ನೆದುರೇ, ಹಳೆಯ ಕಾರ್ಬುರೇಟರನ್ನು ಮತ್ತೆ ಕೂರಿಸಿ, ಹೊಗೆ ಹೋಗುವ ಪೈಪುಗಳನ್ನು ಅಗಲದವಕ್ಕೆ ಬದಲಿಸಿದರು. ಕಾರು ಗುಡುಗುತ್ತ ದಿಬ್ಬ ಹತ್ತಿತು.

ಸೋಮವಾರ ಗ್ಯಾರೇಜಿಗೆ ಹೋದಾಗ ಮಾಲೀಕ ಬಾನೆಟ್ ತಟ್ಟಿ, "ಹೇಗಿದೆ ನನ್ನ ಐಡಿಯಾ?" ಎಂದ. ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದ ಮಾಸ್ತರು ನನ್ನ ಮುಖ ನೋಡಿದರು.

ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಾನು ಥ್ಯಾಂಕ್ಯೂ ಎಂದು ಮಾಲೀಕನ ಕೈ ಕುಲುಕಿದೆ.